ಎಷ್ಟು ಎಂದು ಮೊದಲು ಹೇಳಲಿ: ಆಹಾರ ಪೂರಕಗಳ ನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಗೆ,
ಆಹಾರ ಪೂರಕಗಳ ಮಾರಾಟ, ಲೇಬಲ್ ಮತ್ತು ಜಾಹೀರಾತುಗಳ ಮೇಲೆ ನಿಗಾ ಇಡುವ ಸಂಸ್ಥೆಗಳ ಮುಖ್ಯಸ್ಥರಿಗೆ

ಮಾನ್ಯರೇ,

ನಾನು ವೃತ್ತಿಯಲ್ಲಿ ಆಹಾರ ತಜ್ಞೆ. ತೂಕ ಇಳಿಸಬೇಕೆಂದು ಬರುವವರ ಎದುರು ಕೂತು ಅವರ ಊಟ, ನಿದ್ದೆ, ಓಡಾಟ, ಈಗಾಗಲೇ ನುಂಗುತ್ತಿರುವ ಮಾತ್ರೆ, ಎಲ್ಲವನ್ನೂ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಈಚಿನ ವರ್ಷಗಳಲ್ಲಿ ಈ ಮಾತುಕತೆಯ ನಡುವೆ ಬ್ಯಾಗಿನಿಂದ ಒಂದು ಡಬ್ಬಿ ಹೊರಬರುವುದು ಮಾಮೂಲಾಗಿಬಿಟ್ಟಿದೆ. ಮುಂಭಾಗದಲ್ಲಿ ಬೆಂಕಿಯ ಚಿತ್ರ, ಸುತ್ತಲೂ ದಪ್ಪಕ್ಷರ: ‘ಚಯಾಪಚಯ ಚುರುಕಾಗುತ್ತದೆ’, ‘ಕೊಬ್ಬು ಕರಗುತ್ತದೆ’, ‘ಸಂಪೂರ್ಣ ನೈಸರ್ಗಿಕ’. ಆಮೇಲೆ ಪ್ರಶ್ನೆ: “ಮೇಡಂ, ಇದನ್ನ ತಗೊಂಡ್ರೆ ಏನೂ ತೊಂದ್ರೆ ಇಲ್ಲ ಅಲ್ವಾ?”

ಪ್ರಾಮಾಣಿಕವಾಗಿ ಉತ್ತರಿಸಬೇಕೆಂದರೆ ನನಗೆ ಕೆಲವು ಅಂಕಿಗಳು ಬೇಕು. ಒಂದು ಗುಳಿಗೆಯಲ್ಲಿ ಯಾವ ಪದಾರ್ಥ ಎಷ್ಟಿದೆ? ಅಷ್ಟು ತಗೊಂಡರೆ ದೇಹದ ಶಕ್ತಿಯ ಖರ್ಚು ಎಷ್ಟು ಏರುತ್ತದೆ, ಎಷ್ಟು ಹೊತ್ತು ಏರುತ್ತದೆ? ಮನುಷ್ಯರ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಕೊಬ್ಬು ಎಷ್ಟು ಇಳಿದಿದೆ? ಡಬ್ಬಿಯನ್ನು ಎಷ್ಟು ತಿರುಗಿಸಿ ನೋಡಿದರೂ ಇವಕ್ಕೆ ಉತ್ತರ ಸಿಗುವುದಿಲ್ಲ. ಪೂರಕಗಳೆಲ್ಲ ಮೋಸ ಎಂದು ವಾದಿಸಲು ನಾನು ಹೊರಟಿಲ್ಲ. ಕೊರತೆ ಇದ್ದವರಿಗೆ ಕಬ್ಬಿಣ, ಬಿ12, ವಿಟಮಿನ್ ಡಿ ಬೇಕೇ ಬೇಕು. ನನ್ನ ತಕರಾರು ಇರುವುದು ತೂಕ ಇಳಿಸುವ ಹೆಸರಿನಲ್ಲಿ ಮಾರಾಟವಾಗುವ ಒಂದು ಗುಂಪಿನ ಬಗ್ಗೆ, ಮತ್ತು ಆ ಗುಂಪಿಗೆ ನೀವು ಕೊಟ್ಟಿರುವ ಸಲುಗೆಯ ಬಗ್ಗೆ.

ಮೊದಲು ಚಯಾಪಚಯದ, ಅಂದರೆ ಮೆಟಬಾಲಿಸಂನ ಮಾತು. ದೇಹ ಇಡೀ ದಿನದಲ್ಲಿ ಖರ್ಚು ಮಾಡುವ ಶಕ್ತಿಯಲ್ಲಿ ಸಾಮಾನ್ಯವಾಗಿ ಶೇ. 60ರಿಂದ 70ರಷ್ಟು, ನಾವು ಏನೂ ಮಾಡದೆ ಮಲಗಿದ್ದರೂ ಆಗುವಂಥದು. ಮಿದುಳು, ಯಕೃತ್ತು, ಹೃದಯ, ಮೂತ್ರಪಿಂಡಗಳು ನಡೆಯುತ್ತಿರಬೇಕಲ್ಲ. ತಿಂದದ್ದನ್ನು ಅರಗಿಸಿ ಸಾಗಿಸಲು ಸುಮಾರು ಶೇ. 10. ಉಳಿದದ್ದು ಓಡಾಟ, ಕೆಲಸ, ವ್ಯಾಯಾಮ. ಆ ಮೊದಲ ಪಾಲನ್ನು ಗುಳಿಗೆಯಿಂದ ಏರಿಸಿಕೊಡುತ್ತೇವೆ ಎನ್ನುವುದು ಡಬ್ಬಿಗಳ ಭರವಸೆ. ಅದಕ್ಕೆ ಪೀಠಿಕೆಯಾಗಿ ಒಂದು ಹೆದರಿಕೆಯನ್ನೂ ಹುಟ್ಟಿಸುತ್ತಾರೆ: ಮೂವತ್ತು ದಾಟುತ್ತಿದ್ದಂತೆ ನಿಮ್ಮ ಮೆಟಬಾಲಿಸಂ ಕುಸಿಯುತ್ತದೆ ಎಂದು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಗೂಡಿಸಿತ್ತು. ಅವರಲ್ಲಿ ಎಂಟು ದಿನದ ಕೂಸೂ ಇತ್ತು, 95ರ ವೃದ್ಧರೂ ಇದ್ದರು. ದೇಹದ ಗಾತ್ರ ಮತ್ತು ಕೊಬ್ಬಿಲ್ಲದ ಅಂಗಾಂಶದ ಪ್ರಮಾಣವನ್ನು ಲೆಕ್ಕಕ್ಕೆ ತಗೊಂಡು ನೋಡಿದಾಗ 20ರಿಂದ 60ರ ವಯಸ್ಸಿನವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. 60ರ ನಂತರ ವರ್ಷಕ್ಕೆ ಸುಮಾರು ಶೇ. 0.7ರಂತೆ ಇಳಿಯತೊಡಗಿತ್ತು. ಮೂವತ್ತೈದರ ಆಸುಪಾಸಿನವರು ನನ್ನ ಬಳಿ ಬಂದು “ನನ್ನ ಮೆಟಬಾಲಿಸಂ ಸತ್ತೇಹೋಗಿದೆ” ಎಂದಾಗ ಅದನ್ನು ಅವರಿಗೆ ಹೇಳಿಕೊಟ್ಟವರು ಯಾರು ಎಂದು ನಾನು ಊಹಿಸಬಲ್ಲೆ. ಇಲ್ಲದ ಕುಸಿತಕ್ಕೆ ಮದ್ದು ಮಾರುವುದನ್ನು ನೀವು ಜಾಹೀರಾತು ಎಂದು ಕರೆಯುತ್ತೀರಿ. ನನಗೆ ಬೇರೆ ಹೆಸರು ಹೊಳೆಯುತ್ತದೆ.

ಇನ್ನು ಏರಿಸುವ ವಿಚಾರ. ಈ ಡಬ್ಬಿಗಳಲ್ಲಿ ಅಷ್ಟೋ ಇಷ್ಟೋ ನಿಜವಾಗಿ ಕೆಲಸ ಮಾಡುವ ಪದಾರ್ಥ ಸಾಮಾನ್ಯವಾಗಿ ಕೆಫೀನ್. ಅದು ತನ್ನದೇ ಹೆಸರಿನಲ್ಲಿ ಇರಬಹುದು. ಗ್ವರಾನಾ, ಹಸಿರು ಕಾಫಿ ಬೀಜ, ಹಸಿರು ಚಹಾದ ಸಾರ ಎಂಬ ಹೆಸರುಗಳ ಹಿಂದೆಯೂ ಇರಬಹುದು. 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 100 ಮಿ.ಗ್ರಾಂ. ಕೆಫೀನ್ ವಿಶ್ರಾಂತಿಯಲ್ಲಿದ್ದವರ ಶಕ್ತಿಯ ಖರ್ಚನ್ನು 150 ನಿಮಿಷಗಳ ಅವಧಿಯಲ್ಲಿ ಶೇ. 3ರಿಂದ 4ರಷ್ಟು ಏರಿಸಿತು. ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂದು ಡಬ್ಬಿಯ ಮೇಲೆ ಬರೆಯಲು ಇಷ್ಟು ಸಾಕು. ಆದರೆ ಲೆಕ್ಕ ಹಾಕಿ ನೋಡಿ. ಮಲಗಿದ್ದರೆ ದಿನಕ್ಕೆ 1,500 ಕ್ಯಾಲೊರಿ ಖರ್ಚಾಗುವ ವ್ಯಕ್ತಿಗೆ ಎರಡೂವರೆ ಗಂಟೆಗೆ ಸುಮಾರು 156 ಆಗುತ್ತದೆ. ಅದರ ಶೇ. 4 ಎಂದರೆ ಆರು ಕ್ಯಾಲೊರಿ. ಆರು!

ಅದೇ ಸಂಶೋಧಕರು ಹಗಲಿನ 12 ಗಂಟೆ ಎರಡೆರಡು ಗಂಟೆಗೊಮ್ಮೆ 100 ಮಿ.ಗ್ರಾಂ. ಕೊಟ್ಟೂ ನೋಡಿದರು. ತೆಳ್ಳಗಿದ್ದವರಲ್ಲಿ ದಿನದ ಖರ್ಚು 150 ಕ್ಯಾಲೊರಿ ಏರಿತು. ಹಿಂದೆ ದಪ್ಪಗಿದ್ದು ತೂಕ ಇಳಿಸಿಕೊಂಡವರಲ್ಲಿ 79 ಮಾತ್ರ. ಬೇಕಾದವರಿಗೇ ಕಡಿಮೆ. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ ಎಂದಿಟ್ಟುಕೊಂಡರೆ, ದಿನಕ್ಕೆ 79ರಂತೆ ಆ ಒಂದು ಕೆ.ಜಿ. ಹೋಗಲು ಮೂರು ತಿಂಗಳ ಮೇಲೆ ಬೇಕು. ಅಷ್ಟು ದಿನ ದೇಹ ಕೆಫೀನಿಗೆ ಒಗ್ಗಿಕೊಳ್ಳಬಾರದು, ನಿದ್ದೆಗೆಟ್ಟು ಮರುದಿನ ಹಸಿವು ಹೆಚ್ಚಬಾರದು. ಅಲ್ಲದೆ ಆ ಪ್ರಮಾಣ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಆರೋಗ್ಯವಂತ ವಯಸ್ಕರಿಗೆ ಹೇಳಿರುವ ದಿನಕ್ಕೆ 400 ಮಿ.ಗ್ರಾಂ. ಮಿತಿಯನ್ನು ಆಗಲೇ ದಾಟಿರುತ್ತದೆ. ‘ಚಯಾಪಚಯ ಚುರುಕಾಗುತ್ತದೆ’ ಎಂಬ ವಾಕ್ಯ ಸುಳ್ಳಲ್ಲ. ಅದರ ಪಕ್ಕ ‘ಆರು ಕ್ಯಾಲೊರಿಯಷ್ಟು’ ಎಂದು ಸೇರಿಸಿದರೆ ಒಂದು ಡಬ್ಬಿಯೂ ಮಾರಾಟವಾಗುವುದಿಲ್ಲ, ಅಷ್ಟೇ.

ಉಳಿದ ಹೆಸರುಗಳದ್ದು ಇದಕ್ಕಿಂತ ಬಡ ಕಥೆ. ಗಾರ್ಸಿನಿಯಾ, ಅಂದರೆ ಉಪ್ಪಾಗೆ ಹಣ್ಣಿನ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ದೇಹ ಹೊಸ ಕೊಬ್ಬು ಕಟ್ಟಲು ಬಳಸುವ ಒಂದು ಕಿಣ್ವವನ್ನು ಪ್ರಯೋಗಶಾಲೆಯಲ್ಲಿ ತಡೆಯುತ್ತದೆ ಎನ್ನುವುದು ನಿಜ. 1998ರಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ನಡೆಯಿತು. ಎಲ್ಲರಿಗೂ ಒಂದೇ ಬಗೆಯ ಮಿತಾಹಾರ. ಅರ್ಧ ಜನರಿಗೆ ದಿನಕ್ಕೆ 1,500 ಮಿ.ಗ್ರಾಂ. ಈ ಆಮ್ಲ, ಇನ್ನರ್ಧ ಜನರಿಗೆ ಏನೂ ಇಲ್ಲದ ಹುಸಿ ಗುಳಿಗೆ. ಆಮ್ಲ ತಗೊಂಡವರು ಸರಾಸರಿ 3.2 ಕೆ.ಜಿ. ಇಳಿದರು, ಹುಸಿ ಗುಳಿಗೆಯವರು 4.1 ಕೆ.ಜಿ. ಸಂಖ್ಯಾಶಾಸ್ತ್ರದ ಪ್ರಕಾರ ಇಬ್ಬರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇಪ್ಪತ್ತೈದು ವರ್ಷ ಕಳೆದರೂ ಆ ಹೆಸರು ಡಬ್ಬಿಗಳ ಮೇಲೆ ಮೊದಲ ಸಾಲಿನಲ್ಲೇ ಇದೆ. ಹಸಿರು ಚಹಾದ ಮೇಲಿನ ಪ್ರಯೋಗಗಳನ್ನು 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಎಂಬ ಸಂಶೋಧಕರ ಜಾಲದ ಸಮೀಕ್ಷೆ ಒರೆಗೆ ಹಚ್ಚಿತು. ಜಪಾನಿನ ಹೊರಗೆ ನಡೆದವನ್ನು ಒಟ್ಟುಗೂಡಿಸಿದಾಗ ಸಿಕ್ಕ ಸರಾಸರಿ ವ್ಯತ್ಯಾಸ 0.04 ಕೆ.ಜಿ., ಎಂದರೆ 40 ಗ್ರಾಂ. ತೂಕದ ಯಂತ್ರಕ್ಕೆ ಅದು ಕಾಣಿಸುವುದೂ ಇಲ್ಲ. ಕಾರ್ನಿಟಿನ್ ಕೊಬ್ಬಿನಾಮ್ಲಗಳನ್ನು ಜೀವಕೋಶದಲ್ಲಿ ಆಹಾರವನ್ನು ಉರಿಸುವ ಒಲೆಗಳಾದ ಮೈಟೊಕಾಂಡ್ರಿಯಾದೊಳಗೆ ಸಾಗಿಸುತ್ತದೆ, ಸರಿ. ಆದರೆ ಅದನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಆರೋಗ್ಯವಂತರಲ್ಲಿ ಕೊರತೆ ಇರುವುದಿಲ್ಲ. ಸಾಗಣೆಯ ಗಾಡಿಗಳು ಬೇಕಾದಷ್ಟಿರುವ ಕಡೆ ಇನ್ನಷ್ಟು ಗಾಡಿ ತಂದು ನಿಲ್ಲಿಸಿದರೆ ಸರಕು ಹೆಚ್ಚಾಗುತ್ತದೆಯೇ?

ಒಟ್ಟಾರೆ ಚಿತ್ರವೂ ಬೇರೆಯಲ್ಲ. ತೂಕ ಇಳಿಸುವ ಪೂರಕಗಳು ಮತ್ತು ಪರ್ಯಾಯ ಚಿಕಿತ್ಸೆಗಳ ಮೇಲೆ ನಡೆದ 315 ಪ್ರಯೋಗಗಳನ್ನು 2021ರಲ್ಲಿ ಸಂಶೋಧಕರ ತಂಡವೊಂದು ಪರಿಶೀಲಿಸಿತು. ಪಕ್ಷಪಾತಕ್ಕೆ ಹೆಚ್ಚು ಆಸ್ಪದವಿಲ್ಲದಂತೆ ನಡೆದವು ಅವುಗಳಲ್ಲಿ 52 ಮಾತ್ರ. ಆ 52ರಲ್ಲಿ ಗಮನಾರ್ಹ ವ್ಯತ್ಯಾಸ ಕಂಡದ್ದು 16ರಲ್ಲಿ.

ನ್ಯಾಯವಾಗಿ ಹೇಳಬೇಕಾದ ಒಂದು ಅಪವಾದವಿದೆ. ಗ್ಲೂಕೊಮನ್ನಾನ್ ಎಂಬ ನಾರು ಹೊಟ್ಟೆಯಲ್ಲಿ ನೀರು ಹೀರಿ ಉಬ್ಬುತ್ತದೆ. ಕಡಿಮೆ ಕ್ಯಾಲೊರಿಯ ಆಹಾರದ ಜೊತೆಗೆ, ಊಟಕ್ಕೆ ಮುಂಚೆ ಒಂದೊಂದು ಗ್ರಾಂನಂತೆ ದಿನಕ್ಕೆ ಮೂರು ಸಲ, ಒಂದೆರಡು ಲೋಟ ನೀರಿನೊಡನೆ ತಗೊಂಡರೆ ತೂಕ ಇಳಿಕೆಗೆ ನೆರವಾಗುತ್ತದೆ ಎಂಬ ಹೇಳಿಕೆಯನ್ನು ಯುರೋಪಿನ ಪ್ರಾಧಿಕಾರ 2010ರಲ್ಲಿ ಒಪ್ಪಿಕೊಂಡಿತು. ನೀರು ಕಡಿಮೆಯಾದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂಬ ಎಚ್ಚರಿಕೆಯೂ ಅದರ ಜೊತೆಗಿದೆ. ಗಮನಿಸಿ: ಅದು ಚಯಾಪಚಯವನ್ನು ಮುಟ್ಟುವುದೇ ಇಲ್ಲ. ಆದರೂ ಈ ಒಂದು ಹೇಳಿಕೆಯಲ್ಲಿ ಪ್ರಮಾಣ ಇದೆ, ಹೊತ್ತು ಇದೆ, ಷರತ್ತು ಇದೆ, ಎಚ್ಚರಿಕೆ ಇದೆ. ಉಳಿದವುಗಳಿಗೂ ಹೀಗೆಯೇ ಬರೆಯಲು ಬರುವುದಿಲ್ಲವೆಂದಲ್ಲ.

“ಆದರೆ ಮೇಡಂ, ಒಂದೇ ವಾರದಲ್ಲಿ ಎರಡು ಕೆ.ಜಿ. ಇಳಿದಿದೆ” ಎನ್ನುವವರೂ ಬರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಯಂತ್ರವೂ ಸುಳ್ಳು ಹೇಳುತ್ತಿಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಅರ್ಧ ಕೆ.ಜಿ.ಯಷ್ಟು ಗ್ಲೈಕೊಜೆನ್, ಅಂದರೆ ದೇಹ ಕೂಡಿಟ್ಟ ಸಕ್ಕರೆ, ಸಂಗ್ರಹವಾಗಿರುತ್ತದೆ. ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ದಿನಗಳಲ್ಲಿ ಹೋಗುವುದು ಮುಖ್ಯವಾಗಿ ಇದು. ಮೂತ್ರ ಹೆಚ್ಚಿಸುವ ಗಿಡಮೂಲಿಕೆಯೋ ಭೇದಿ ಮಾಡಿಸುವ ಸೆನ್ನಾ ಎಲೆಯೋ ಡಬ್ಬಿಯಲ್ಲಿದ್ದರೆ ಇನ್ನಷ್ಟು ನೀರು ಹೋಗುತ್ತದೆ. ಕೊಬ್ಬು ಅಲ್ಲೇ ಇರುತ್ತದೆ. ಅದು ಬೆವರಾಗಿ ಕರಗಿ ಹರಿಯುವ ವಸ್ತುವೂ ಅಲ್ಲ. ಹತ್ತು ಕೆ.ಜಿ. ಕೊಬ್ಬು ದೇಹದಲ್ಲಿ ಪೂರ್ತಿ ಉರಿದರೆ 8.4 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದ 1.6 ಕೆ.ಜಿ. ನೀರಾಗುತ್ತದೆ ಎಂದು 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಲೇಖನ ಲೆಕ್ಕ ಕೊಟ್ಟಿತ್ತು. ಬೆವರು ಸುರಿಸುವ ಮೈಯ ಚಿತ್ರ ಹಾಕಿದ ಜಾಹೀರಾತುಗಳಿಗೆ ನೀವು ಒಮ್ಮೆಯಾದರೂ ಈ ಲೆಕ್ಕ ಕೇಳಿದ್ದೀರಾ?

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕೆಲಸಕ್ಕೆ ಬಾರದ ಗುಳಿಗೆಯಿಂದ ದುಡ್ಡು ಹೋಗುತ್ತದೆ, ಬುದ್ಧಿ ಬರುತ್ತದೆ ಎಂದು ಸುಮ್ಮನಿರುತ್ತಿದ್ದೆ. ನನ್ನ ನಿದ್ದೆ ಕೆಡಿಸಿರುವುದು ಕೆಲಸ ಮಾಡುವ ಗುಳಿಗೆಗಳು.

ಶಕ್ತಿಯ ಖರ್ಚನ್ನು ನಿಜವಾಗಿಯೂ ಏರಿಸುವ ವಸ್ತುಗಳು ಇವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕ ಮುಟ್ಟುತ್ತಿದ್ದ ಕಾರ್ಮಿಕರು ತೂಕ ಕಳೆದುಕೊಂಡರು, ಮೈ ಸುಟ್ಟುಕೊಂಡಂತೆ ಜ್ವರ ಬಂದು ಕೆಲವರು ಸತ್ತರು. 1933ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದನ್ನೇ ತೂಕ ಇಳಿಸುವ ಮದ್ದಾಗಿ ಪರಿಚಯಿಸಿದರು. ಮೈಟೊಕಾಂಡ್ರಿಯಾ ಆಹಾರವನ್ನು ಉರಿಸಿ ಶಕ್ತಿಯಾಗಿ ಕಟ್ಟಿಡುವ ಬದಲು ಬಹಳಷ್ಟನ್ನು ಶಾಖವಾಗಿ ಬಿಟ್ಟುಬಿಡುವಂತೆ ಅದು ಮಾಡುತ್ತದೆ. ಕೊಬ್ಬು ಖಂಡಿತ ಇಳಿಯುತ್ತದೆ. ಆದರೆ ಅಳತೆ ಸ್ವಲ್ಪ ಮೀರಿದರೂ ಮೈಯ ಬಿಸಿ ಏರುತ್ತಲೇ ಹೋಗುತ್ತದೆ, ತಡೆಯಲು ಪ್ರತಿಮದ್ದಿಲ್ಲ. ಕಣ್ಣಿಗೆ ಪೊರೆ ಬಂದವರು, ಸತ್ತವರು ಎಂದು ವರದಿಗಳು ಬಂದ ಮೇಲೆ, 1938ರ ಹೊಸ ಕಾನೂನಿನೊಡನೆ ಅಮೆರಿಕದಲ್ಲಿ ಅದರ ಬಳಕೆ ನಿಂತಿತು. ನಿಂತಿತು ಎಂದು ಕಾಗದದ ಮೇಲೆ. ಅಂತರ್ಜಾಲದಲ್ಲಿ ‘ಕೊಬ್ಬು ಉರಿಸುವ’ ಗುಳಿಗೆಯಾಗಿ ಮಾರಾಟವಾಗಿ ಈ ಶತಮಾನದಲ್ಲೂ ಯುವಕ ಯುವತಿಯರನ್ನು ಕೊಂದಿದೆ. ಬ್ರಿಟನ್ ಅದನ್ನು ವಿಷಗಳ ಕಾನೂನಿನಡಿ ತಂದದ್ದು 2023ರಲ್ಲಿ.

ಎಫಿಡ್ರಾ ಎಂಬ ಗಿಡಮೂಲಿಕೆಯ ಕಥೆ ನಿಮಗೆ ನೆನಪಿರಬೇಕು, ಏಕೆಂದರೆ ಅದು ನಿಮ್ಮಂಥದೇ ಕಚೇರಿಯ ಕಥೆ. ಪ್ರಯೋಗಗಳಲ್ಲಿ ಅದು ಹುಸಿ ಗುಳಿಗೆಗಿಂತ ತಿಂಗಳಿಗೆ ಸುಮಾರು 0.9 ಕೆ.ಜಿ. ಹೆಚ್ಚು ಇಳಿಸಿತು. ಜೊತೆಗೆ ಎದೆ ಬಡಿತ, ನಡುಕ, ಮಾನಸಿಕ ತೊಂದರೆಗಳ ಸಾಧ್ಯತೆಯನ್ನು ಎರಡರಿಂದ ಮೂರೂವರೆ ಪಟ್ಟು ಏರಿಸಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದಕ್ಕೆ ಮಿತಿ ಹಾಕುವ ಪ್ರಸ್ತಾವ ಇಟ್ಟದ್ದು 1997ರಲ್ಲಿ. ನಿಷೇಧ ಬಂದದ್ದು 2004ರಲ್ಲಿ. ನಡುವೆ 2003ರಲ್ಲಿ 23 ವರ್ಷದ ಬೇಸ್‌ಬಾಲ್ ಆಟಗಾರನೊಬ್ಬ ಅಭ್ಯಾಸದ ವೇಳೆ ಬಿಸಿಲಾಘಾತದಿಂದ ಸತ್ತ. ಎಫಿಡ್ರಾದ ಪಾತ್ರವಿತ್ತೆಂದು ಶವಪರೀಕ್ಷೆ ಮಾಡಿದ ಅಧಿಕಾರಿ ಹೇಳಿದರು. ಏಳು ವರ್ಷ ಏಕೆ ಬೇಕಾಯಿತು? ಅಲ್ಲಿನ 1994ರ ಕಾನೂನಿನ ಪ್ರಕಾರ ಪೂರಕವನ್ನು ಮಾರುವ ಮೊದಲು ಅದು ಸುರಕ್ಷಿತ, ಅದು ಕೆಲಸ ಮಾಡುತ್ತದೆ ಎಂದು ಸಾಬೀತುಪಡಿಸಿ ಅನುಮತಿ ಪಡೆಯಬೇಕಿಲ್ಲ. ಅಪಾಯವಿದೆ ಎಂದು ಸರ್ಕಾರವೇ ಸಾಬೀತುಪಡಿಸಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೇ ಅಲ್ಲಿ ಕಾನೂನು.

ಆದ್ದರಿಂದ ನಾನು ಕೇಳುವುದು ನೇರ ಪ್ರಶ್ನೆ. ಒಂದು ಗುಳಿಗೆ ಚಯಾಪಚಯವನ್ನು ಲೆಕ್ಕಕ್ಕೆ ಬರುವಷ್ಟು ಏರಿಸುತ್ತದೆ ಎಂದಾದರೆ ಅದು ಹೃದಯ, ನರ, ಹಾರ್ಮೋನುಗಳ ಮೇಲೆ ಕೈಯಾಡಿಸುವ ಔಷಧ. ಔಷಧಕ್ಕಿರುವ ಪರೀಕ್ಷೆ, ಪ್ರಮಾಣ, ಎಚ್ಚರಿಕೆ ಅದಕ್ಕೂ ಬೇಕು. ಏರಿಸುವುದಿಲ್ಲ ಎಂದಾದರೆ ಡಬ್ಬಿಯ ಮೇಲಿನ ಮಾತು ಗ್ರಾಹಕರನ್ನು ದಾರಿ ತಪ್ಪಿಸುವಂಥದು, ಅದನ್ನು ಅಳಿಸಬೇಕು. ಎರಡರಲ್ಲಿ ಒಂದು. ಮಾರುವಾಗ ಔಷಧದ ಪ್ರತಾಪ, ಪ್ರಶ್ನೆ ಕೇಳಿದಾಗ ‘ಇದು ಬರೀ ಆಹಾರ’ ಎಂಬ ವಿನಯ. ಎರಡನ್ನೂ ಒಟ್ಟಿಗೆ ಆಡಲು ನೀವು ಬಿಟ್ಟಿದ್ದೀರಿ.

ಇದರ ಬಿಸಿ ನನಗೆ ತಟ್ಟಿದ್ದು ಹೀಗೆ. ನನ್ನ ಬಳಿ ಬರುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ರಾತ್ರಿಯಿಡೀ ನಿದ್ದೆ ಇಲ್ಲ, ಕೂತಲ್ಲೇ ಎದೆ ಡವಗುಟ್ಟುತ್ತದೆ, ಕೈ ಬೆವರುತ್ತದೆ. ಆತಂಕದ ಕಾಯಿಲೆ ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು. ಅವಳು ತಗೊಳ್ಳುತ್ತಿದ್ದ ಡಬ್ಬಿಯ ಹಿಂದೆ ಸಾಲುಸಾಲು ಹೆಸರುಗಳಿದ್ದವು: ಕೆಫೀನ್, ಗ್ವರಾನಾ, ಕಹಿ ಕಿತ್ತಳೆಯ ಸಾರ, ಯೊಹಿಂಬೆ, ಇನ್ನೂ ಏನೇನೋ. ಮುಂದೆ ‘ನಮ್ಮದೇ ವಿಶೇಷ ಮಿಶ್ರಣ’ ಎಂದು ಎಲ್ಲಕ್ಕೂ ಸೇರಿಸಿ ಒಂದೇ ಒಟ್ಟು ತೂಕ. ಯಾವುದು ಎಷ್ಟು ಎಂಬುದಿಲ್ಲ. ಕಹಿ ಕಿತ್ತಳೆಯಲ್ಲಿರುವ ಸಿನೆಫ್ರಿನ್ ಎಂಬ ಉತ್ತೇಜಕ, ಎಫಿಡ್ರಾ ನಿಷೇಧವಾದ ಮೇಲೆ ಅದರ ಜಾಗಕ್ಕೆ ಬಂದದ್ದು. ಯೊಹಿಂಬೆ ಮರದ ತೊಗಟೆಯಲ್ಲಿರುವ ಯೊಹಿಂಬಿನ್ ರಕ್ತದೊತ್ತಡ, ಎದೆಬಡಿತ ಎರಡನ್ನೂ ಏರಿಸಬಲ್ಲದು. ಇವೆಲ್ಲ ಒಂದೇ ಗುಳಿಗೆಯಲ್ಲಿ ಸೇರಿದರೆ ಏನಾಗುತ್ತದೆ ಎಂದು ತಿಳಿಯಲು ಪ್ರಮಾಣ ಬೇಕು. ಕಂಪನಿಗೆ ಬರೆದೆ. ‘ಅದು ವ್ಯಾಪಾರ ರಹಸ್ಯ’ ಎಂದು ಎರಡು ಸಾಲಿನ ಉತ್ತರ. ಆಹಾರ ವಿಭಾಗದ ಕಚೇರಿಗೆ ಬರೆದೆ. ಔಷಧದಂಥ ಪರಿಣಾಮ ಇದ್ದರೆ ಔಷಧ ವಿಭಾಗವನ್ನು ಕೇಳಿ ಎಂದರು. ಔಷಧ ವಿಭಾಗ, ಪೂರಕ ಎಂದು ನೋಂದಣಿಯಾಗಿದ್ದರೆ ಅದು ಆಹಾರ ವಿಭಾಗಕ್ಕೆ ಸೇರಿದ್ದು ಎಂದಿತು. ಅಷ್ಟರಲ್ಲಿ ಅವಳು ಗುಳಿಗೆ ಬಿಟ್ಟಿದ್ದಳು, ಎದೆಬಡಿತ ತಹಬಂದಿಗೆ ಬಂದಿತ್ತು. ಡಬ್ಬಿ ಮಾತ್ರ ಮಾರುಕಟ್ಟೆಯಲ್ಲೇ ಉಳಿಯಿತು.

ಡಬ್ಬಿಯ ಮೇಲೆ ಬರೆದದ್ದಾದರೂ ಡಬ್ಬಿಯೊಳಗೆ ಇರುತ್ತದೆ ಎಂಬ ಖಾತರಿ ಇದೆಯೇ? ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಿಂದಾಗಿ 2010ರಲ್ಲಿ ಅಮೆರಿಕ ಮತ್ತು ಯುರೋಪಿನ ಮಾರುಕಟ್ಟೆಯಿಂದ ಹೊರಬಿದ್ದ ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧ, ‘ನೈಸರ್ಗಿಕ’ ಗುಳಿಗೆಗಳ ಒಳಗೆ ಸದ್ದಿಲ್ಲದೆ ಸೇರಿಕೊಂಡಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2007ರಿಂದ 2016ರವರೆಗೆ ಕಲಬೆರಕೆ ಎಂದು ಗುರುತಿಸಿದ ಪೂರಕಗಳು 776. ಅವುಗಳಲ್ಲಿ ಶೇ. 40.9 ತೂಕ ಇಳಿಸುವಂಥವು, ಅವುಗಳಲ್ಲೂ ಶೇ. 80ಕ್ಕಿಂತ ಹೆಚ್ಚು ಡಬ್ಬಿಗಳಲ್ಲಿ ಸಿಕ್ಕಿದ್ದು ಈ ಸಿಬುಟ್ರಮಿನ್. ಥೈರಾಯ್ಡ್‌ಗೆ ‘ಬೆಂಬಲ’ ಕೊಡುತ್ತದೆ ಎಂದು ಮಾರಾಟವಾಗುವ ಹತ್ತು ಪೂರಕಗಳನ್ನು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದಾಗ ಒಂಬತ್ತರಲ್ಲಿ ಟಿ3 ಎಂಬ ಥೈರಾಯ್ಡ್ ಹಾರ್ಮೋನೇ ಇತ್ತು. ಗುಳಿಗೆ ನುಂಗಿ ‘ಕೆಲಸ ಮಾಡ್ತಾ ಇದೆ’ ಎಂದು ಖುಷಿಪಡುವವರ ಕೈಹಿಡಿದು ನಾಡಿ ನೋಡುವಂತಾಗಿದೆ ನನ್ನ ಪಾಡು.

ಯಕೃತ್ತಿನ ವಿಷಯವನ್ನು ದಾಖಲೆಗಳೇ ಹೇಳುತ್ತವೆ. ಅಮೆರಿಕದಲ್ಲಿ ಔಷಧಗಳಿಂದ ಆಗುವ ಯಕೃತ್ತಿನ ಹಾನಿಯ ಪ್ರಕರಣಗಳನ್ನು ದಾಖಲಿಸುವ ಜಾಲದಲ್ಲಿ, ಗಿಡಮೂಲಿಕೆ ಮತ್ತು ಪೂರಕಗಳ ಪಾಲು ಹತ್ತು ವರ್ಷಗಳೊಳಗೆ ಶೇ. 7ರಿಂದ 20ಕ್ಕೆ ಏರಿತ್ತು. ಹಸಿರು ಚಹಾ ಕುಡಿಯುವುದು ಒಂದು, ಅದರ ಸಾರವನ್ನು ಗಟ್ಟಿ ಮಾಡಿ ಗುಳಿಗೆಯಲ್ಲಿ ತುಂಬುವುದು ಇನ್ನೊಂದು. ಅದರಲ್ಲಿರುವ ಇಜಿಸಿಜಿ ಎಂಬ ಮುಖ್ಯ ಸಸ್ಯಾಂಶ ಪೂರಕದ ರೂಪದಲ್ಲಿ ದಿನಕ್ಕೆ 800 ಮಿ.ಗ್ರಾಂ. ಮುಟ್ಟಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಪ್ರಾಧಿಕಾರ 2018ರಲ್ಲಿ ಹೇಳಿತು. 2022ರಲ್ಲಿ ಅದಕ್ಕಿಂತ ಕಡಿಮೆ ಇರಲೇಬೇಕೆಂದು ಅಲ್ಲಿ ನಿಯಮ ಬಂತು. ಖಾಲಿ ಹೊಟ್ಟೆಯಲ್ಲಿ ತಗೊಳ್ಳಬೇಡಿ ಎಂದು ಡಬ್ಬಿಯ ಮೇಲೆ ಬರೆಯಬೇಕು. ನಾನು ನೋಡುವ ಡಬ್ಬಿಗಳಲ್ಲಿ ಎಷ್ಟೋ ಬಾರಿ ಇದಕ್ಕೆ ತದ್ವಿರುದ್ಧವಾಗಿ, ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಎಂದೇ ಇರುತ್ತದೆ. ಇನ್ನೊಂದು ಸಣ್ಣ ಮಾತು: ಇಂಥ ಮಿಶ್ರಣಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ಹೆಚ್ಚಿದ್ದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ತಪ್ಪು ಬರಬಹುದು. ಚಯಾಪಚಯ ಸರಿಯಿದೆಯೇ ಎಂದು ನೋಡಲು ಹೋದವರಿಗೆ ಚಯಾಪಚಯದ ಗುಳಿಗೆಯೇ ಅಡ್ಡಬರುವುದು ವಿಪರ್ಯಾಸ.

ಈಗ ಹೊಸ ಗಾಳಿ ಬೀಸಿದೆ. ಹಸಿವು ತಗ್ಗಿಸುವ ಸೆಮಾಗ್ಲುಟೈಡ್‌ನಂಥ ಔಷಧಗಳು 68 ವಾರಗಳ ಪರೀಕ್ಷೆಯಲ್ಲಿ ದೇಹತೂಕವನ್ನು ಸರಾಸರಿ ಶೇ. 14.9 ಇಳಿಸಿ, ಹುಸಿ ಮದ್ದಿನ ಗುಂಪಿನಲ್ಲಿ ಶೇ. 2.4 ಮಾತ್ರ ಎಂದು ತೋರಿಸಿದ ಮೇಲೆ, ಬರ್ಬೆರಿನ್ ಎಂಬ ಸಸ್ಯಾಂಶದ ಡಬ್ಬಿಗಳು ಅದರ ‘ನೈಸರ್ಗಿಕ’ ತಮ್ಮನಂತೆ ಸಾಲುಗಟ್ಟಿವೆ. ಆ ಔಷಧದ ಒಳಿತು ಕೆಡುಕುಗಳ ಬಗ್ಗೆ ನನಗೆ ನನ್ನದೇ ಅಭಿಪ್ರಾಯಗಳಿವೆ. ಆದರೆ ಅದರ ತಯಾರಕರು ‘ಎಷ್ಟು’ ಎಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರಿಸಬೇಕಾಯಿತು, ವಾಂತಿ, ವಾಕರಿಕೆ ಎಷ್ಟು ಜನರಿಗೆ ಬಂತೆಂದೂ ಬರೆಯಬೇಕಾಯಿತು. ಅದರ ನೆರಳಿನಲ್ಲಿ ವ್ಯಾಪಾರ ಮಾಡುವವರಿಗೆ ಆ ಹೊಣೆಯಿಲ್ಲ.

ಮಾನ್ಯರೇ, ನನ್ನ ಬೇಡಿಕೆಗಳು ದೊಡ್ಡವಲ್ಲ. ಇವುಗಳಲ್ಲಿ ಕೆಲವು ಎಲ್ಲೋ ಒಂದು ಕಡೆ ಈಗಾಗಲೇ ಜಾರಿಯಲ್ಲಿವೆ. ‘ವಿಶೇಷ ಮಿಶ್ರಣ’ ಎಂಬ ಪರದೆಯನ್ನು ತೆಗೆಸಿ. ಪ್ರತಿ ಪದಾರ್ಥದ ತೂಕ, ಎಲ್ಲ ಮೂಲಗಳಿಂದ ಬರುವ ಒಟ್ಟು ಕೆಫೀನ್ ಎಷ್ಟು ಎಂಬುದು ಓದಲು ಬರುವ ಅಕ್ಷರದಲ್ಲಿ ಅಚ್ಚಾಗಲಿ. ಚಯಾಪಚಯ ಅಥವಾ ಕೊಬ್ಬಿನ ಹೆಸರೆತ್ತುವ ಪ್ರತಿ ಡಬ್ಬಿಯೂ ಆ ಮಾತಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಹುಸಿ ಗುಳಿಗೆಗಿಂತ ಎಷ್ಟು ವ್ಯತ್ಯಾಸ ಕಂಡಿತೆಂದು ಬರೆಯಲಿ. ಪರೀಕ್ಷೆಯೇ ಇಲ್ಲದಿದ್ದರೆ ಆ ಮಾತೂ ಬೇಡ. ಇಷ್ಟು ದಿನದಲ್ಲಿ ಇಷ್ಟು ಕೆ.ಜಿ. ಎಂಬ ಹೇಳಿಕೆಯನ್ನು ಯುರೋಪಿನ ಒಕ್ಕೂಟ 2006ರ ನಿಯಮದಲ್ಲೇ ಆಹಾರ ಪದಾರ್ಥಗಳಿಗೆ ನಿಷೇಧಿಸಿದೆ. ಅದನ್ನು ಉಳಿದವರು ಏಕೆ ತರಬಾರದು? ಜಾಹೀರಾತಿನ ‘ಮೊದಲು, ಆಮೇಲೆ’ ಚಿತ್ರಗಳೂ ಅದೇ ಹೇಳಿಕೆಯೇ, ಅಕ್ಷರವಿಲ್ಲದೆ ಹೇಳುತ್ತವೆ ಅಷ್ಟೇ. ಅವೂ ಆ ನಿಷೇಧದೊಳಗೆ ಬರಲಿ.

ಅಡಗಿಸಿಟ್ಟ ಔಷಧಗಳಿಗಾಗಿ ಕಂಪನಿ ಕಳಿಸುವ ಮಾದರಿಯನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ನಿಮ್ಮ ಜನ ಗ್ರಾಹಕರಂತೆಯೇ ಅಂಗಡಿಯಿಂದ, ಆನ್‌ಲೈನಿನಿಂದ ಕೊಂಡು ತಂದು ಪರೀಕ್ಷಿಸಲಿ. ಸಿಬುಟ್ರಮಿನ್, ಥೈರಾಯ್ಡ್ ಹಾರ್ಮೋನ್ ಸಿಕ್ಕಿದ ಡಬ್ಬಿಯ ಹೆಸರು, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ಅದೇ ದಿನ ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿ. ಅಂಥ ಡಬ್ಬಿಯನ್ನು ಮಾರಿದ ಆನ್‌ಲೈನ್ ಮಳಿಗೆ ‘ನಾವು ಬರೀ ಮಧ್ಯವರ್ತಿ’ ಎಂದು ಕೈತೊಳೆದುಕೊಳ್ಳಲು ಬಿಡಬೇಡಿ. ಈಗಾಗಲೇ ಕೊಂಡವರೆಲ್ಲರಿಗೂ ಸಂದೇಶ ಕಳಿಸುವ ಹೊಣೆ ಅದರದು. ಅವರ ಬಳಿ ಎಲ್ಲರ ಫೋನ್ ನಂಬರ್ ಇದೆ, ರಿಯಾಯಿತಿಯ ಸಂದೇಶ ತಪ್ಪದೆ ಬರುತ್ತದಲ್ಲ.

ಕೊನೆಯದಾಗಿ, ದೂರು ಕೊಡಲು ಒಂದೇ ಬಾಗಿಲು ಇರಲಿ. ಅಮೆರಿಕದಲ್ಲಿ ಪೂರಕಗಳಿಂದಾಗಿ ವರ್ಷಕ್ಕೆ ಸುಮಾರು 23,000 ಮಂದಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುತ್ತಾರೆಂದು 2015ರಲ್ಲಿ ಅಂದಾಜು ಬಂತು. ಎದೆಬಡಿತ, ಎದೆನೋವು ಎಂದು ಬಂದವರಲ್ಲಿ ಹೆಚ್ಚಿನವರು ತೂಕ ಇಳಿಸುವ ಅಥವಾ ಚೈತನ್ಯ ಕೊಡುವ ಗುಳಿಗೆ ತಗೊಂಡವರು. ಅಂದಾಜು ಮಾಡಲು ಸಾಧ್ಯವಾದದ್ದು ಅಲ್ಲಿ ಯಾರೋ ಕೇಳಿ ಬರೆದುಕೊಂಡದ್ದರಿಂದ. ವೈದ್ಯರು, ಔಷಧ ಅಂಗಡಿಯವರು, ನನ್ನಂಥವರು ಮತ್ತು ಗುಳಿಗೆ ನುಂಗಿದವರೇ ನೇರವಾಗಿ ತೊಂದರೆಯನ್ನು ದಾಖಲಿಸಲು ಒಂದು ಸರಳ ನಮೂನೆ ಮಾಡಿ. ಆಹಾರವೋ ಔಷಧವೋ ಎಂಬ ವಿಂಗಡಣೆ ನಿಮ್ಮ ಒಳಮನೆಯ ವ್ಯವಹಾರವಾಗಿರಲಿ, ದೂರು ಕೊಟ್ಟವರ ತಲೆಗೆ ಕಟ್ಟಬೇಡಿ.

ಈ ಪತ್ರಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬೇಡ. ಮೇಲಿನ ಬೇಡಿಕೆಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವ ವಿಭಾಗ ಅದನ್ನು ಜಾರಿ ಮಾಡುತ್ತದೆ, ಯಾವ ತಾರೀಖಿನಿಂದ, ಒಪ್ಪದಿದ್ದರೆ ಏಕೆ ಎಂದು ಬರೆಯಿರಿ. ಪತ್ರ ಬಹಿರಂಗವಾಗಿದೆ, ಉತ್ತರವೂ ಬಹಿರಂಗವಾಗಿಯೇ ಬರಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಆಹಾರ ತಜ್ಞೆ